ಶಿಕಾರಿಪುರದ ಗುರುಮಲ್ಲಪ್ಪನವರ ಮೂಗು

ಶಿಕಾರಿಪುರದಲ್ಲಿ ಆ ಕಾಲಕ್ಕೆ ಗುರುಮಲ್ಲಪ್ಪ ಎನ್ನುವವರು ಹಲವರಿದ್ದರು. ಬಟ್ಟೆ ಅಂಗಡಿಯ ಗುರುಮಲ್ಲಪ್ಪ, ಭತ್ತದ ಮಂಡಿಯ ಗುರುಮಲ್ಲಪ್ಪ, ಕರೆಯದಿದ್ದರೂ ಎಲ್ಲರ ಜಗಳಕ್ಕೆ ನಡುವೆ ಹೋಗುವ ಗುರುಮಲ್ಲಪ್ಪ. ಮಾತಿನ ನಡುವೆ ಯಾರು ಎಂದು ತಿಳಿಯದೆ ಹೋದಾಗ ಹೇಳುವವರು ತಮ್ಮ ಮೂಗನ್ನು ಮುಟ್ಟಿ ತೋರಿಸಿದರೆ ಸಾಕು, ಓಹೋ, ಅಡುಗೆಯ ಗುರುಮಲ್ಲಪ್ಪನವರೇ ಎಂದು ಕೇಳುವವರಿಗೆ ತಿಳಿಯುತ್ತಿತ್ತು. ಹಾಗೆಂದು ಅವರ ಮೂಗೇನೂ ದೊಡ್ಡದಾಗಿರಲಿಲ್ಲ. ಅದರ ಹೆಸರು ಮಾತ್ರ ದೊಡ್ಡದಾಗಿತ್ತು.

ಮದುವೆಯ ಅಡುಗೆಯಲ್ಲಿ ಅವರು ಎಂದೂ ರುಚಿ ನೋಡಿದವರಲ್ಲ. ಹುಡುಗನಾಗಿದ್ದಾಗ ಮಠದ ಅಡುಗೆ ಮನೆಯಲ್ಲಿ ಕಲಿತ ವಿದ್ಯೆ ಅದು. ಜಂಗಮರಾದ ಅಯ್ಯನವರ ಎಡೆಯಾಗಿ, ಲಿಂಗಕ್ಕೆ ತೋರಿಸಿ, ಆಮೇಲೆ ಪಂಕ್ತಿಗೆ ಹೋಗಬೇಕಾದ ಅನ್ನ. ಮಾಡಿದವನ ನಾಲಿಗೆಗೆ ಮೊದಲೇ ತಾಗಿದರೆ ಎಂಜಲಾಯಿತು, ಮುಗಿಯಿತು. ಇದು ಎಲ್ಲ ಅಡುಗೆಯವರೂ ಬಾಯಲ್ಲಿ ಹೇಳುವ ನೇಮವೇ. ಆದರೆ ಬೇರೆಯವರು ಮರೆಯಲ್ಲಿ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ಚಪ್ಪರಿಸಿ, ಪಂಚೆಗೆ ಕೈ ಒರೆಸಿಕೊಳ್ಳುತ್ತಿದ್ದರು. ಗುರುಮಲ್ಲಪ್ಪನವರಿಗೆ ಆ ಮರೆ ಬೇಕಾಗಿರಲಿಲ್ಲ. ಒಲೆಯ ಸಾಲಿನ ಮೇಲೆ ಬಗ್ಗಿ ಒಂದು ಉಸಿರು ಎಳೆದು, "ಇದಕ್ಕೆ ಇನ್ನೊಂದು ಹಿಡಿ ಉಪ್ಪು", "ಇದರ ಮೆಣಸು ಹಸೀ ಐತಿ, ಇನ್ನಷ್ಟು ಕುದೀಲಿ" ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಉಪ್ಪಿಗೆ ಯಾವ ವಾಸನೆ ಎಂದು ತರ್ಕ ಮಾಡುವವರೂ ಇದ್ದರು. ಪಂಕ್ತಿಯಲ್ಲಿ ಎರಡನೇ ಸಲ ಸಾರು ಹಾಕಿಸಿಕೊಳ್ಳುವಾಗ ಆ ಮಹನೀಯರು ತರ್ಕವನ್ನು ಬದಿಗಿಡುತ್ತಿದ್ದರು.

ಹೆಸರು ಬಂದವರಿಗೆ ಬರುವ ಸಿಟ್ಟು ಇವರಿಗೂ ಬಂದಿತ್ತು. ಹೂವಪ್ಪ ಎಂಬ ಒಳ್ಳೆಯ ಕೈಯಾಳು ಒಮ್ಮೆ, "ಅಣ್ಣಾರೇ, ಪಲ್ಯ ಯಾಕೋ ಸ್ವಲ್ಪ ಹತ್ತಿದಂಗೆ ವಾಸನೆ ಬರ್ತೈತಿ" ಎಂದ. ನಿಜಕ್ಕೂ ಪಕ್ಕದ ಮನೆಯ ಒಲೆಯಿಂದ ಬಂದ ವಾಸನೆ ಅದು. ಗುರುಮಲ್ಲಪ್ಪನವರು ಅವನನ್ನು ಮೇಲಿಂದ ಕೆಳಗೆ ನೋಡಿ, "ನಾಳೆಯಿಂದ ನೀನೇ ಮೂಸಪ್ಪ, ನಾನು ಸೌದೆ ಒಡೀತೀನಿ" ಎಂದರು. ಸುತ್ತಲಿದ್ದವರು ನಕ್ಕರು. ಹೂವಪ್ಪ ನಗಲಿಲ್ಲ, ಮಾರನೆಯ ದಿನ ಬರಲೂ ಇಲ್ಲ. ಅಂದಿನಿಂದ ಅವರ ಒಲೆಯ ಬಳಿ ವಾಸನೆಯ ವಿಚಾರ ಮಾತಾಡುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ಹೀಗಿರುವಾಗ ಐವತ್ತೇಳರ ಮಳೆಗಾಲದಲ್ಲಿ ಫ್ಲೂ ಜ್ವರ ಬಂತು. ದೇಶಕ್ಕೆಲ್ಲ ಬಂದದ್ದು ಶಿಕಾರಿಪುರವನ್ನು ಬಿಟ್ಟೀತೇ! ಮನೆಗೊಬ್ಬರು ಕಂಬಳಿ ಹೊದ್ದು ಮಲಗಿದರು. ಗುರುಮಲ್ಲಪ್ಪನವರೂ ಮಲಗಿದರು, ಬೆವರಿದರು, ಎದ್ದರು, ಗಂಜಿ ಕುಡಿದರು. ನೆಗಡಿ ಹೋಯಿತು, ಮೂಗು ಮಾತ್ರ ತೆರೆಯಲಿಲ್ಲ. ಹೋಗುತ್ತದೆ ಹೋಗುತ್ತದೆ ಎಂದು ಕಾದರು. ಒಂದು ಬೆಳಿಗ್ಗೆ ಒಲೆಯ ಮುಂದೆ ಮೈ ಕಾಯಿಸಿಕೊಳ್ಳುತ್ತ ಕೂತಿದ್ದಾಗ ಹೆಂಡತಿ ಬಸವಣ್ಣೆಮ್ಮ ಹಿತ್ತಿಲಿನಿಂದ ಓಡಿ ಬಂದು, ಸೆರಗಿನಲ್ಲೇ ಹಾಲಿನ ಪಾತ್ರೆ ಹಿಡಿದು ಕೆಳಗಿಳಿಸಿದಳು. ಹಾಲು ತಳ ಹಿಡಿದು ಕಪ್ಪಾಗಿತ್ತು.

"ಮುಂದೇ ಕೂತೀರಲ್ರೀ!" ಎಂದಳು.

"ಕಣ್ಣು ಹತ್ತಿತ್ತು" ಎಂದರು ಗುರುಮಲ್ಲಪ್ಪನವರು. ಕಣ್ಣು ಹತ್ತಿರಲಿಲ್ಲ. ಅವರು ಆ ಪಾತ್ರೆಯನ್ನು ಎತ್ತಿ ಮೂಗಿಗೆ ಹಿಡಿದರು. ಬಿಸಿ ತಾಗಿತು, ಹೊಗೆ ತಾಗಿತು, ವಾಸನೆ ಇಲ್ಲ. ಬಚ್ಚಲಿಗೆ ಹೋಗಿ ಸೀಗೆಪುಡಿ ಮೂಸಿದರು. ದೇವರ ಮುಂದಿನ ವಿಭೂತಿ, ಕರ್ಪೂರ, ಹಿಂಗಿನ ಡಬ್ಬಿ, ಒಂದೊಂದನ್ನೂ ಮೂಸಿದರು. ಜಗತ್ತಿನ ಬಾಗಿಲನ್ನು ಯಾರೋ ಆಚೆಯಿಂದ ಹಾಕಿಕೊಂಡು ಹೋಗಿದ್ದರು. ಐವತ್ತು ದಾಟಿದ ಗುರುಮಲ್ಲಪ್ಪನವರು ಹಿಂಗಿನ ಡಬ್ಬಿ ಹಿಡಿದುಕೊಂಡು ಹೆದರಿ ನಿಂತರು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಉಳಿಯುವುದೇನು? ಹೊಲವಿರಲಿಲ್ಲ, ಅಂಗಡಿಯಿರಲಿಲ್ಲ. ಸೊರಬ, ಶಿರಾಳಕೊಪ್ಪದವರೆಗೂ ದೊಡ್ಡ ಮನೆಗಳವರು ಮುಹೂರ್ತ ಗೊತ್ತುಮಾಡುವ ಮೊದಲು ಇವರು ಆ ದಿನ ಬಿಡುವಾಗಿದ್ದಾರೆಯೇ ಎಂದು ಕೇಳಿ ಕಳಿಸುತ್ತಿದ್ದರು, ಬರಿಯ ಆ ಮೂಗಿನ ಹೆಸರಿಗೆ. ಹೆಸರೊಂದನ್ನು ಬಿಟ್ಟರೆ ಅವರ ಹತ್ತಿರ ಇದ್ದದ್ದು ಎರಡು ಸೌಟು.

ಆದ್ದರಿಂದ ಬೇರೆ ದಾರಿ ಹುಡುಕಿಕೊಂಡರು. ಕಣ್ಣಿನಿಂದ ಅಡುಗೆ ಮಾಡಿದರು, ಕಿವಿಯಿಂದ ಮಾಡಿದರು. ಒಗ್ಗರಣೆಯ ಸಾಸಿವೆ ಎಷ್ಟು ಸದ್ದು ಮಾಡಿ ಯಾವಾಗ ಸುಮ್ಮನಾಗುತ್ತದೆ, ಸಾರಿನ ನೊರೆ ಯಾವ ಬಣ್ಣಕ್ಕೆ ತಿರುಗುತ್ತದೆ, ಹೂರಣ ಸೌಟಿಗೆ ಎಷ್ಟು ಅಂಟುತ್ತದೆ, ಇವೆಲ್ಲ ಹಳೆಯ ಲೆಕ್ಕಗಳೇ. ಬಗ್ಗುವುದನ್ನೂ ಬಿಡಲಿಲ್ಲ. ಪ್ರತಿ ಒಲೆಯ ಮೇಲೂ ಮೊದಲಿನಂತೆಯೇ ಬಗ್ಗಿ, ಉಸಿರು ಎಳೆದು, ತಲೆಯಾಡಿಸಿ, "ಆಯ್ತು" ಎನ್ನುತ್ತಿದ್ದರು. ಜನ ಉಂಡರು, ಹೊಗಳಿದರು, ಎಲೆ ಅಡಿಕೆ ಹಾಕಿಕೊಂಡು ಹೋದರು. ಒಂದು ಊಟ ಮುಗಿದರೆ ಒಂದು ಗಂಡಾಂತರ ಕಳೆದಂತಾಗಿ ಗುರುಮಲ್ಲಪ್ಪನವರು ಸೌದೆಯ ರಾಶಿಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಮೊದಲು ಹಾಡು ಹೇಳಿದಷ್ಟು ಸಲೀಸಾಗಿ ಅಡುಗೆ ಮಾಡುತ್ತಿದ್ದವರು ಈಗ ಮದುವೆಯ ಕರೆ ಬಂದರೆ ಅದು ಮುಗಿಯುವ ದಿನವನ್ನು ಎಣಿಸುತ್ತಿದ್ದರು.

ಮಾಘ ಮಾಸದಲ್ಲಿ ಸೊರಬದ ಅಡಿಕೆ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರ ಮಗಳ ಮದುವೆಗೆ ಕರೆ ಬಂತು. ಹೊರಡುವ ಹಿಂದಿನ ಸಂಜೆ ಮಗಳು ನೀಲಾಂಬಿಕ ಪಡಸಾಲೆಯಲ್ಲಿ ಕೂತು ಇಂಗ್ಲಿಷ್ ಓದುತ್ತಿದ್ದಳು. ಹೈಸ್ಕೂಲಿನ ಕೊನೆಯ ವರ್ಷ. ಇಂಗ್ಲಿಷ್ ಎಂದರೆ ಹುಡುಗರು ನಡುಗುತ್ತಿದ್ದ ಕಾಲ. ಅವರ ಮೇಷ್ಟ್ರು ಒಂದು ಉಪಾಯ ಮಾಡಿದ್ದರು. ಪುಸ್ತಕದ ವಾಕ್ಯ ಬಿಟ್ಟು, ನಿಮ್ಮ ನಿಮ್ಮ ಮನೆಯ ಹಿರಿಯರ ಮೇಲೆ ವಾಕ್ಯ ಮಾಡಿಕೊಂಡು ಬನ್ನಿ, ತರಗತಿಯಲ್ಲಿ ನಿಂತು ಓದಿ ಎಂದಿದ್ದರು.

"ಅಪ್ಪಾ, ನಿಮ್ಮ ಮೇಲೆ ಬರ್ದೀನಿ, ಕೇಳ್ರಿ" ಎಂದು ನೀಲಾಂಬಿಕ ಎದ್ದು ನಿಂತು, ತರಗತಿಯಲ್ಲಿ ಓದುವ ಹಾಗೆಯೇ ಓದಿದಳು. "ಮೈ ಫಾದರ್ ಹ್ಯಾಸ್ ಬೀನ್ ಎ ಕುಕ್ ಸಿನ್ಸ್ ಹಿಸ್ ಬಾಯ್‌ಹುಡ್. ಹಿ ಹ್ಯಾಸ್ ನೆವರ್ ಟೇಸ್ಟೆಡ್ ದಿ ಫುಡ್ ಬಿಫೋರ್ ದಿ ಗೆಸ್ಟ್ಸ್. ಹಿ ಹ್ಯಾಸ್ ಆಲ್ವೇಸ್ ನೋನ್ ಎವ್ರಿಥಿಂಗ್ ಬೈ ದಿ ಸ್ಮೆಲ್."

"ಏನಂದಂಗಾತು?"

"ಚಿಕ್ಕಂದಿನಿಂದ ಅಡುಗೆ ಮಾಡ್ತಾ ಬಂದಾರೆ. ಬಂದೋರು ಉಣ್ಣೋಕೆ ಮುಂಚೆ ಒಂದು ದಿನಾನೂ ರುಚಿ ನೋಡಿಲ್ಲ. ವಾಸನೆಯಿಂದಾನೇ ಎಲ್ಲಾ ತಿಳ್ಕೊಂಡು ಬಂದಾರೆ."

ಗುರುಮಲ್ಲಪ್ಪನವರು ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ನಿಲ್ಲಿಸಿದರು. "ಚಲೋ ಐತಿ. ಮಾಡಿದ್ರು, ನೋಡಿದ್ರು, ಅಂತ ಬರೆದ್ರೆ ಆಗಲ್ವಾ? ಬಂದಾರೆ ಬಂದಾರೆ ಅಂತ ಯಾಕೆ ಎಳೀಬೇಕು?"

"ಮಾಡಿದ್ರು ಅಂದ್ರೆ ಮುಗದೇ ಹೋತಲ್ಲಪ್ಪಾ. ನಿನ್ನೆ ಮಳೆ ಬಂತು ಅಂದಂಗೆ. ಇದು ಹಂಗಲ್ಲ. ಯಾವಾಗಲೋ ಶುರುವಾಗಿ, ಈ ಹೊತ್ತಿನ ತನಕ ನಡೆದು ಬಂದು, ಈಗಲೂ ಹಂಗೇ ಇರಬೇಕು. ಒಬ್ಬರ ಸ್ವಭಾವ, ಒಬ್ಬರ ರುಚಿ, ಊರಾಗೆ ಅವರಿಗಿರೋ ಹೆಸರು, ಇದಕ್ಕೆಲ್ಲ ಈ ಕಾಲಾನೇ ಹಾಕ್ಬೇಕು ಅಂತ ಮೇಷ್ಟ್ರು ಹೇಳಿದ್ರು. ಮಂಜಪ್ಪಜ್ಜ ಮೊದಲಿಂದಾನೂ ಕಾಫಿ ಮುಟ್ಟಿಲ್ಲ ಅಂತ ಅವನ ಮೊಮ್ಮಗಳು ಬರ್ದಾಳೆ. ವರದಮ್ಮ ಯಾವತ್ತೂ ದನಕ್ಕೆ ಹೊಡೆದೋಳಲ್ಲ ಅಂತ ಇನ್ನೊಬ್ಬಳು."

"ನಡುವೆ ನಿಂತುಹೋಗಿದ್ರೆ?"

"ಏನು?"

"ಮಂಜಪ್ಪಜ್ಜ ಹೋದ ವಾರ ಕದ್ದು ಕಾಫಿ ಕುಡಿದಿದ್ರೆ, ಅನ್ನು."

ನೀಲಾಂಬಿಕ ನಕ್ಕಳು. "ಆಗ ಈ ವಾಕ್ಯ ಸುಳ್ಳಾಗ್ತೈತಿ. ಇದು ಇವತ್ತಿಗೂ ನಿಜ ಇರಬೇಕಪ್ಪಾ, ಅದೇ ಇದರ ಗುಟ್ಟು."

ಆಗಲೇ ಹೇಳಿಬಿಡಬೇಕಾಗಿತ್ತು. ಮನೆ, ಮಗಳು, ಒಳಗೆ ರೊಟ್ಟಿ ಬಡಿಯುತ್ತಿರುವ ಹೆಂಡತಿ, ಹೊರಗಿನವರು ಯಾರೂ ಇಲ್ಲ. ಮಗಳು ಶನಿವಾರ ತರಗತಿಯಲ್ಲಿ ಎಲ್ಲರೆದುರು ಎದ್ದು ನಿಂತು ಅಪ್ಪನ ಮೇಲೆ ಒಂದು ಸುಳ್ಳನ್ನು ಇಷ್ಟು ಅಭಿಮಾನದಿಂದ ಓದುವುದನ್ನು ತಪ್ಪಿಸಬಹುದಾಗಿತ್ತು. ಗುರುಮಲ್ಲಪ್ಪನವರ ಬಾಯಿ ತೆರೆಯಿತು ಸಹ. "ಚಲೋ ಬರ್ದೀ ತಂಗಿ" ಎಂದು ಹೇಳಿ ಎಲೆ ಮಡಚಿ ಬಾಯಿಗಿಟ್ಟುಕೊಂಡರು. ಅಭಿಮಾನದ ಮುಂದೆ ಎಂಥ ಧೈರ್ಯವಂತರೂ ಹೇಡಿಗಳಾಗುತ್ತಾರೆ. ಗುರುಮಲ್ಲಪ್ಪನವರೇನೂ ಧೈರ್ಯವಂತರಾಗಿರಲಿಲ್ಲ.

ಸೊರಬದ ಮದುವೆ ಮನೆ ಬಸ್ ಸ್ಟ್ಯಾಂಡಿಗೆ ಹತ್ತಿರ. ಹಿತ್ತಿಲಿನಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ ಒಲೆ ತೋಡಿದ್ದರು. ಬಲಗೈಯಂತಿದ್ದ ಸಣ್ಣಪ್ಪ ಮೊದಲೇ ಬಂದು ಎಲ್ಲ ಅಣಿಮಾಡಿದ್ದ. ಗುರುಮಲ್ಲಪ್ಪನವರು ಪಾತ್ರೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು, ಒಳಗೆ ಕೈಯಾಡಿಸಿ, ತವರದ ಕಲಾಯಿ ನೋಡಿದರು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ನಿಂತರೆ ಕಿಲುಬು ಬಿಟ್ಟು ಅಡುಗೆಯೇ ವಿಷವಾಗುತ್ತದೆ. ಅವರು ಹುಡುಗರಾಗಿದ್ದಾಗ ಒಂದು ಹಳ್ಳಿಯ ಶ್ರಾವಣದ ಊಟದಲ್ಲಿ ಹಾಗಾಗಿ, ಪಂಕ್ತಿಗೆ ಪಂಕ್ತಿಯೇ ವಾಂತಿ ಮಾಡಿಕೊಂಡು ಬಿದ್ದದ್ದನ್ನು, ಅವರಲ್ಲಿ ಇಬ್ಬರು ಮಕ್ಕಳು ಏಳದೇ ಹೋದದ್ದನ್ನು ಕಣ್ಣಾರೆ ಕಂಡಿದ್ದರು. ಕಲಾಯಿ ಸವೆದ ಒಂದು ದೊಡ್ಡ ಕೊಪ್ಪರಿಗೆಯನ್ನು, "ಇದು ನೀರಿಗೆ ಮಾತ್ರ" ಎಂದು ದೂರ ಇಡಿಸಿದರು.

ಬೆಳಗಿನ ಹೊತ್ತಿಗೆ ಹೂರಣ ರುಬ್ಬಿ ಆಗಿತ್ತು, ಬೇಳೆ ಬಸಿದ ನೀರಿಗೆ ಹುಣಸೆ ಹಿಂಡಿ ಸಾರು ಕುದಿಸಿ ಇಳಿಸಿಯಾಗಿತ್ತು. ಎಲ್ಲ ಹೊತ್ತಿಗೆ ಸರಿಯಾಗಿದ್ದರೆ ಈ ಕಥೆಯೇ ಇಲ್ಲ. ಆದರೆ ಗಂಡಿನ ಕಡೆಯವರ ಬಸ್ಸು ಚಂದ್ರಗುತ್ತಿಯ ಹತ್ತಿರ ಕೆಟ್ಟು ನಿಂತಿತು. ಮೊದಲ ಮುಹೂರ್ತ ತಪ್ಪಿತು, ಎರಡನೆಯದಕ್ಕೆ ಕಾಯಬೇಕಾಯಿತು. ಊಟ ತಡವಾಗುತ್ತದೆಂದು ತಿಳಿದು ಗುರುಮಲ್ಲಪ್ಪನವರು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಬರಲು ಹೋದರು. ಸಣ್ಣಪ್ಪ ಹೋಳಿಗೆಯ ಕಾವಲಿಯ ಮುಂದೆ ಕೂತಿದ್ದ. ಅಷ್ಟರಲ್ಲಿ ಮನೆಯ ನೆಂಟರು ನಾಲ್ಕು ಜನ ಉಪಕಾರ ಮಾಡಲು ಬಂದರು. ಬಂದವರಿಗೆಲ್ಲ ಉಪ್ಪಿಟ್ಟು ಮಾಡಬೇಕು, ದೊಡ್ಡ ಪಾತ್ರೆ ಬೇಕು ಎಂದು ಸಾರನ್ನು ದೂರ ಇಟ್ಟಿದ್ದ ಆ ಕೊಪ್ಪರಿಗೆಗೆ ಸುರಿದು, ಮೇಲೆ ಬಾಳೆ ಎಲೆ ಮುಚ್ಚಿ ಒಲೆಗಿಟ್ಟು, ಸಾರಿನ ಪಾತ್ರೆಯನ್ನು ಹೊತ್ತುಕೊಂಡು ಹೋದರು. ಮದುವೆ ಮನೆಯಲ್ಲಿ ಉಪಕಾರ ಮಾಡುವವರನ್ನು ತಡೆಯುವುದು ಯಾರ ಕೈಯಿಂದಲೂ ಆಗುವುದಿಲ್ಲ.

ಗುರುಮಲ್ಲಪ್ಪನವರು ವಿಭೂತಿ ಹಚ್ಚಿಕೊಂಡು ಬರುವಷ್ಟರಲ್ಲಿ ಕೊಪ್ಪರಿಗೆ ಒಲೆಯ ಮೇಲಿತ್ತು, ಸಾರು ಸಣ್ಣಗೆ ಬಿಸಿಯಾಗುತ್ತಿತ್ತು. ಹೊರಗೆಲ್ಲ ಮಸಿ ಹಿಡಿದ ಪಾತ್ರೆಗಳು ಒಂದೇ ಥರ ಕಾಣುತ್ತವೆ. ತಾಳಿ ಕಟ್ಟಿಯಾಗಿತ್ತು. ಎಲೆ ಹಾಕುವ ಗದ್ದಲ ಕೇಳುತ್ತಿತ್ತು. ಅವರು ಎಂದಿನಂತೆ ಒಲೆಯ ಸಾಲಿನ ಉದ್ದಕ್ಕೂ ನಡೆದರು. ಅನ್ನದ ಮೇಲೆ ಬಗ್ಗಿದರು, ಪಲ್ಯದ ಮೇಲೆ ಬಗ್ಗಿದರು. ಸಾರಿನ ಮೇಲಿನ ಬಾಳೆ ಎಲೆ ಸರಿಸಿ ಬಗ್ಗಿ, ಉಸಿರು ಎಳೆದು, ತಲೆಯಾಡಿಸಿ, "ಆಯ್ತು, ತುಂಬಿಕೊಳ್ಳಿ" ಎಂದರು.

ತಲೆಯೆತ್ತಿದಾಗ ಸಣ್ಣಪ್ಪನ ಮುಖ ಕಂಡಿತು. ಅವನ ಮೂಗು ಮುದುಡಿತ್ತು. ಗುರುಮಲ್ಲಪ್ಪನವರು ನೋಡುತ್ತಿದ್ದಾರೆಂದು ತಿಳಿದ ಕೂಡಲೇ ಅವನು ಮುಖವನ್ನು ಸರಿಮಾಡಿಕೊಂಡು ಬಕೆಟ್ಟಿಗೆ ಕೈ ಹಾಕಿದ.



ಹೊಗೆಗೆ ಮುದುಡಿರಬಹುದು. ಹಸಿ ಸೌದೆ, ಕಣ್ಣು ಮೂಗು ಎಲ್ಲ ಉರಿಯುತ್ತಿದ್ದವು. ಆದರೆ ಆಚೆ ನಿಂತ ಇಬ್ಬರು ಆಳುಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೇರೆ ಕಡೆ ತಿರುಗಿದ್ದು ಯಾಕೆ? ಸಾರಿನಲ್ಲಿ ಏನೋ ಆಗಿದೆಯೇ? ಏನು ಆಗಿದೆ? ಸಾರಿನ ಬಣ್ಣ ನೋಡಿದರು, ಮೇಲೆ ಕರಿಬೇವು, ಕೊತ್ತಂಬರಿ, ಒಗ್ಗರಣೆಯ ಎಣ್ಣೆ, ಏನೂ ತಿಳಿಯಲಿಲ್ಲ. ಇನ್ನೊಮ್ಮೆ ಬಗ್ಗಿದರು. ಬಿಸಿ ಆವಿ ಮುಖಕ್ಕೆ ಹೊಡೆಯಿತು. ಆ ಆವಿಯಲ್ಲಿ ಇರುವುದೆಲ್ಲ ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು, ಅವರೊಬ್ಬರಿಗೆ ಗೊತ್ತಿಲ್ಲ.

ಸಣ್ಣಪ್ಪ ಬಕೆಟ್ ತುಂಬಿಸಿಕೊಂಡು ಎದ್ದ. ಚಪ್ಪರದೊಳಗೆ ಅಯ್ಯನವರು ಆಗಲೇ ಎಲೆಯ ಮುಂದೆ ಕೂತಿದ್ದರು. ಅವರ ಆಚೆ ಮದುಮಕ್ಕಳು, ಅವರ ಪಕ್ಕದಲ್ಲಿ ಹಸಿದು ಹಟಮಾಡುವ ಮಕ್ಕಳ ಒಂದು ಸಾಲು. ತಡವಾಗಿದ್ದರಿಂದ ಮಕ್ಕಳನ್ನು ಮೊದಲ ಪಂಕ್ತಿಗೇ ಕೂರಿಸಿದ್ದರು.

ಬೆರಳಿಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿಬಿಡಲೇ ಎಂದುಕೊಂಡರು. ನಾಲಿಗೆಗೆ ಉಪ್ಪು, ಹುಳಿ, ಕಹಿ ಇನ್ನೂ ತಿಳಿಯುತ್ತಿತ್ತು. ಆದರೆ ಹಾಗೆ ಮಾಡಿದರೆ ಇಡೀ ಸಾರು ಎಂಜಲಾಗುತ್ತದೆ, ಅಯ್ಯನವರ ಎಡೆಗೆ ಎಂಜಲು ಬಡಿಸಿದಂತಾಗುತ್ತದೆ. ಎಡವಿದಂತೆ ನಟಿಸಿ ಸಣ್ಣಪ್ಪನ ಕೈಯ ಬಕೆಟ್ ಉರುಳಿಸಲೇ? ಬಕೆಟ್ ಉರುಳಿದರೆ ಇನ್ನೊಂದು ತುಂಬುತ್ತಾರೆ. ಸಣ್ಣಪ್ಪನನ್ನು ಕೇಳಿಬಿಡಲೇ? ಕೇಳುವುದೆಂದರೆ ಹೇಳುವುದೇ. ವಾಸನೆ ನೋಡು ಎಂದು ಈ ಜನ್ಮದಲ್ಲಿ ಯಾರಿಗೂ ಹೇಳಿದವರಲ್ಲ. ಇನ್ನು, ಕೇಳಿದ ಮೇಲೆ ಸಾರು ಸರಿಯಾಗಿಯೇ ಇದ್ದರೆ? ಏನೂ ಆಗದ ಸಾರಿಗಾಗಿ ತಮ್ಮ ಹೆಸರನ್ನು ತಾವೇ ಸುಟ್ಟುಕೊಂಡಂತಾಗುತ್ತದೆ. ಇಷ್ಟು ತಿಂಗಳು ಕಾಪಾಡಿದ್ದು ಒಂದು ಕ್ಷಣದಲ್ಲಿ ಹೋಗುತ್ತದೆ. ಸುಮ್ಮನಿರು, ಎಂದಿತು ಮನಸ್ಸು. ಹೊಗೆ ಅದು, ಬರೀ ಹೊಗೆ. ಸುಮ್ಮನಿದ್ದುಬಿಡು.

ಸಣ್ಣಪ್ಪ ಅಯ್ಯನವರ ಎಲೆಯ ಮುಂದೆ ಬಗ್ಗಿ, ಸೌಟನ್ನು ಬಕೆಟ್ಟಿಗೆ ಇಳಿಸಿದ. ಸಾಲಿನಲ್ಲಿ ಕೂತ ಒಂದು ಸಣ್ಣ ಹುಡುಗಿ ಹೋಳಿಗೆಯನ್ನು ಸಾರಿನಲ್ಲಿ ಅದ್ದಿಕೊಳ್ಳಲು ಆಗಲೇ ಮುರಿದು ಕೈಯಲ್ಲಿ ಹಿಡಿದುಕೊಂಡಿದ್ದಳು.

"ಸಣ್ಣಪ್ಪಾ, ಹಾಕಬ್ಯಾಡ!"

ಕೂಗು ಎಷ್ಟು ಜೋರಾಗಿ ಬಂತೆಂದರೆ ವಾಲಗದವರೂ ನಿಲ್ಲಿಸಿದರು. ಗುರುಮಲ್ಲಪ್ಪನವರು ಚಪ್ಪರದ ನಡುವಿಗೆ ಬಂದು ನಿಂತಿದ್ದರು.

"ಆ ಸಾರು ಹೆಂಗೈತಿ ಅಂತ ಮೂಸಿ ಹೇಳು."

ಸಣ್ಣಪ್ಪ ಬಾಯಿ ಬಿಟ್ಟುಕೊಂಡು ನೋಡಿದ. "ನಾನಾ? ನೀವು ಆಗಲೇ ನೋಡಿದ್ರಲ್ಲ ಅಣ್ಣಾರೇ."

"ನನಗೆ ವಾಸನೆ ಬರಲ್ಲ" ಎಂದರು ಗುರುಮಲ್ಲಪ್ಪನವರು. ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದರು. "ಜ್ವರ ಬಂದು ಹೋದಾಗಿನಿಂದ ನನಗೆ ಯಾವ ವಾಸನೇನೂ ಬರಲ್ರೀ. ಬಗ್ಗಿದ್ದೆಲ್ಲ ಸುಳ್ಳು. ಹೇಳೋ, ಏನೈತಿ ಅದರಾಗೆ?"

ಸಣ್ಣಪ್ಪ ಬಕೆಟ್ಟನ್ನು ನೆಲಕ್ಕಿಟ್ಟ. "ಕಿಲುಬು ನಾರ್ತೈತಿ" ಎಂದ, ತಾನೇ ತಪ್ಪು ಮಾಡಿದವನಂತೆ.

"ನನಗೂ ಹಂಗೇ ಅನ್ನಿಸ್ತು" ಎಂದ ಒಬ್ಬ ಆಳು. "ನನಗೂ" ಎಂದ ಇನ್ನೊಬ್ಬ. "ನಿಮಗೆ ಗೊತ್ತಿಲ್ದೇ ಇರ್ತೈತೇನು ಅಂತ ಸುಮ್ಮನಿದ್ವಿ. ನೀವು ತಲೆಯಾಡಿಸಿದ್ರಿ ನೋಡ್ರಿ, ನಮ್ಮ ಮೂಗೇ ಕೆಟ್ಟೈತಿ ಅಂದ್ಕೊಂಡ್ವಿ."

ಗುರುಮಲ್ಲಪ್ಪನವರು ಹಿತ್ತಿಲಿಗೆ ಓಡಿದರು. ನಾಲ್ಕು ಜನ ಸೇರಿ ಕೊಪ್ಪರಿಗೆಯನ್ನು ಗುಂಡಿಗೆ ಉರುಳಿಸಿದರು. ಸಾರು ಹರಿದು ಹೋದಮೇಲೆ ಒಳಗೆ ಸುತ್ತಲೂ ಹಸಿರು ಬಣ್ಣದ ಗೆರೆ ಕಂಡಿತು. ದನ ಕರು ಮುಟ್ಟದ ಹಾಗೆ ಗುಂಡಿಗೆ ಮಣ್ಣು ಎಳೆಸಿದರು.

ಮಲ್ಲಿಕಾರ್ಜುನಪ್ಪನವರು ಹಿಂದೆಯೇ ಬಂದಿದ್ದರು. ಕೆಂಪಗಾಗಿದ್ದರು. "ಎಂತ ಇದು ಗುರುಮಲ್ಲಪ್ಪನೋರೇ? ಗೊತ್ತಿದ್ದೂ ಗೊತ್ತಿದ್ದೂ ಒಪ್ಪಿಕೊಂಡ್ರಾ? ನನ್ನ ಮಗಳ ಮದುವೇನೇ ಬೇಕಿತ್ತಾ ನಿಮ್ಗೆ?"

"ತಪ್ಪಾತು" ಎಂದರು ಗುರುಮಲ್ಲಪ್ಪನವರು. ನೆಂಟರು ಸಾರು ಸುರಿದ ವಿಚಾರ ಅಷ್ಟರಲ್ಲಿ ತಿಳಿದಿತ್ತು, ಅದನ್ನು ಎತ್ತಿ ಆಡಲಿಲ್ಲ. ನೆಂಟರು ಸುರಿದದ್ದು ನಿಜ, ಅದರ ಮೇಲೆ ಬಗ್ಗಿ ತಲೆಯಾಡಿಸಿದ್ದು ಅವರು.

ಒಳಗಿನಿಂದ ಅಯ್ಯನವರ ಧ್ವನಿ ಬಂತು. "ಮಕ್ಕಳು ಹಸಿದಾವೆ. ಎಡೆಗೆ ಹೋಳಿಗೆ ಹಾಲು ಸಾಕು, ಬಡಿಸ್ರಿ. ಸಾರು ಆದಾಗ ಬರಲಿ." ಆ ಮಾತು ಬಂದಿರದಿದ್ದರೆ ಜಗಳ ಎಲ್ಲಿಗೆ ಹೋಗುತ್ತಿತ್ತೋ. ಸಣ್ಣಪ್ಪ ಹೊಸ ಸಾರಿಗೆ ಒಲೆ ಹೊತ್ತಿಸಿದ. ಗುರುಮಲ್ಲಪ್ಪನವರು ಹುಣಸೆ ಕಿವುಚಿಕೊಟ್ಟರು, ತೆಂಗಿನಕಾಯಿ ತುರಿದುಕೊಟ್ಟರು, ಅವನು ಕೇಳಿದ್ದನ್ನು ತಂದುಕೊಟ್ಟರು. ಅಭ್ಯಾಸಬಲದಿಂದ ಅವನು "ಆಯ್ತೇನ್ರಿ ಅಣ್ಣಾರೇ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡ. ಅವರು, "ನೀನೇ ನೋಡು" ಎಂದರು. ಎರಡನೇ ಪಂಕ್ತಿಗೆ ಸಾರು ಬಂತು. ಊಟವಾದ ಮೇಲೆ ಯಾರೂ ಹಿತ್ತಿಲಿಗೆ ಬಂದು ಹೊಗಳಲಿಲ್ಲ. ಗುರುಮಲ್ಲಪ್ಪನವರಿಗೆ ಎಲೆ ಹಾಕಿದರು, ಅವರು ಉಣ್ಣಲಾರದೆ ಎದ್ದರು.

ಸಂಜೆಯ ಬಸ್ಸಿನಲ್ಲಿ ಅವರೂ ಸಣ್ಣಪ್ಪನೂ ಹಿಂದಿನ ಸೀಟಿನಲ್ಲಿ ಕೂತರು. ಸೊರಬ ದಾಟಿದ ಮೇಲೆ ಗುರುಮಲ್ಲಪ್ಪನವರು ಕೇಳಿದರು.

"ಜ್ವರ ಬಿಟ್ಟ ಮೇಲೆ ಎಷ್ಟೊಂದು ಊಟ ಮಾಡಿದ್ವಿ. ಒಂದರಾಗಾದರೂ ಹೆಚ್ಚು ಕಡಿಮೆ ಆಗಿತ್ತೇನೋ? ನಿಜ ಹೇಳು."

ಸಣ್ಣಪ್ಪ ಕಿಟಕಿಯ ಆಚೆ ನೋಡಿದ. "ಬಿಡ್ರಿ ಅಣ್ಣಾರೇ."

"ಹೇಳೋ."

"ಉಡುತಡಿ ಆನಂದಪ್ಪನೋರ ಮನೆ ಮದುವೇಲಿ ಗೋಧಿ ಹುಗ್ಗಿ ಸೀದು ಹೋಗಿತ್ತು. ತಳದಿಂದ ಮೇಲಿನ ತನಕ ವಾಸನೆ."

"ಸುಳ್ಳು. ಅವತ್ತು ಎಲ್ಲರೂ ಎರಡೆರಡು ಸಲ ಹಾಕಿಸ್ಕೊಂಡ್ರಲ್ಲೋ! ಪಂಕ್ತಿಯಾಗೆ ನಾನೇ ಓಡಾಡಿ ಕೇಳಿದೆ."

"ಅದಕ್ಕೇ ಹಾಕಿಸ್ಕೊಂಡ್ರು. ಬಾಯಿಗಿಟ್ಟ ಕೂಡಲೇ ಎಲ್ಲರೂ ತಲೆ ಎತ್ತಿದ್ರು. ಎದುರಿಗೆ ನೀವು ನಿಂತು ಹೆಂಗೈತ್ರಿ ಅಂತ ಕೇಳಿದ್ರಿ. ಆನಂದಪ್ಪನೋರು ನಿಮ್ಮ ಮುಖ ನೋಡಿದ್ರು, ಇನ್ನೊಂದು ಸೌಟು ಹಾಕ್ರಿ ಅಂದ್ರು. ಅವರು ಅಂದ ಮೇಲೆ ಉಳಿದೋರೂ ಅಂದ್ರು."

ತಾನು ಊರಿಗೆಲ್ಲ ಮೋಸ ಮಾಡಿಕೊಂಡು ಬಂದಿದ್ದೇನೆ ಎಂದು ಗುರುಮಲ್ಲಪ್ಪನವರು ಇಷ್ಟು ದಿನ ನಂಬಿದ್ದರು, ಊರೂ ಅವರ ಮುಖ ನೋಡಿ ಸುಳ್ಳು ಹೇಳಿತ್ತು. ಮಧ್ಯಾಹ್ನದಿಂದ ತಡೆದಿದ್ದ ಅಳು ಈಗ ಬಂತು, ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡು ಅತ್ತರು. ಶಿರಾಳಕೊಪ್ಪ ಬಂದಾಗ ಎದ್ದು ನಿಂತು, "ನೀನು ಹೋಗಿ ನಡೆದದ್ದೆಲ್ಲ ನಮ್ಮ ಮನೆಯಾಗೆ ಹೇಳು, ನಾನು ಉಡುತಡಿಗೆ ಹೋಗಿ ಬರ್ತೀನಿ" ಎಂದು ಇಳಿದರು.

ಅಲ್ಲಿಂದ ನಡೆದೇ ಹೋದರು. ಆನಂದಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ ಹಿರಿಯ ರೈತ. ಇವರನ್ನು ಕಂಡು ಎದ್ದು, "ಬರ್ರಿ ಬರ್ರಿ" ಎಂದು ಕಂಬಳಿ ಹಾಸಿದರು. ಗುರುಮಲ್ಲಪ್ಪನವರು ಕೂರಲಿಲ್ಲ.

"ನಿಮ್ಮ ಮನೆ ಮದುವೇಲಿ ಹುಗ್ಗಿ ಸೀದಿತ್ತಂತೆ. ಹೌದಾ?"

ಆನಂದಪ್ಪ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಯಾರ್ರೀ ಹೇಳಿದ್ದು? ಚೆನ್ನಾಗಿತ್ತು. ನಾನೇ ಎರಡು ಸಲ ಹಾಕಿಸ್ಕೊಂಡಿಲ್ವಾ?"

"ನನಗೆ ವಾಸನೆ ಬರಲ್ಲ ಆನಂದಪ್ಪನೋರೇ. ಅವತ್ತೂ ಬರ್ತಿರಲಿಲ್ಲ. ನೀವು ಹೇಳಿದ್ರೇ ನನಗೆ ಗೊತ್ತಾಗೋದು."

ಆನಂದಪ್ಪ ಅವರ ಮುಖ ನೋಡಿದರು. ವಿಭೂತಿ ಅಳಿಸಿಹೋದ ಹಣೆ, ಕೆಂಪಾದ ಕಣ್ಣು. ಮೆಲ್ಲಗೆ, "ಸ್ವಲ್ಪ ಸೀದಿತ್ತು" ಎಂದರು.

"ಸ್ವಲ್ಪ ಅಂತೆ!" ಎಂದು ಒಳಗಿನಿಂದ ಅವರ ಹೆಂಡತಿ ಹುಚ್ಚಮ್ಮನ ಧ್ವನಿ ಬಂತು. ಬಾಗಿಲಿಗೆ ಬಂದು ನಿಂತಳು. "ಪೂರಾ ಸೀದಿತ್ತು. ಎಮ್ಮೆಗೆ ಹಾಕಿದ್ರೆ ಅದೂ ಮೂತಿ ತಿರುವಿತು. ಇವರು ಮಾತ್ರ ಎರಡು ಸಲ ಉಂಡು ಎರಡು ದಿನ ಹೊಟ್ಟೆ ಹಿಡ್ಕೊಂಡು ಕೂತಿದ್ರು."

ಗುರುಮಲ್ಲಪ್ಪನವರು ಜಗಲಿಯ ಮೇಲೆ ಕೂತುಬಿಟ್ಟರು. ಎಷ್ಟೋ ವರ್ಷಗಳಲ್ಲಿ ಅವರ ಅಡುಗೆಯ ಬಗ್ಗೆ ಅವರ ಎದುರಿಗೆ ಒಬ್ಬರು ತಾವಾಗಿಯೇ ಹೇಳಿದ ಮೊದಲ ನಿಜ ಅದು. ಅಳು ಬರುತ್ತದೆಂದುಕೊಂಡರು, ನಗು ಬಂತು. ಆನಂದಪ್ಪನವರೂ ನಕ್ಕರು.

"ಊಟ ಆಗಿಲ್ಲ ನಿಮ್ದು, ಮುಖ ನೋಡಿದ್ರೇ ಗೊತ್ತಾಗ್ತೈತಿ" ಎಂದಳು ಹುಚ್ಚಮ್ಮ. "ಒಳಗೆ ಬರ್ರಿ. ರೊಟ್ಟಿ, ಹುರುಳಿ ಸಾರು ಐತಿ. ಉಪ್ಪು ಜಾಸ್ತಿ ಆಗೈತಿ, ಮೊದಲೇ ಹೇಳ್ತೀನಿ."